ಹಸಿರು ಹಚ್ಚಿದ ಒಂಬತ್ತು ಟಗರು

ಔಷಧಿ ಕಂಪನಿಯಲ್ಲಿ ನಿನ್ನದು ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ‘ಕ್ವಾಲಿಟಿ’ ಎಂದು ಹೇಳುತ್ತಿದ್ದೆ. ಕೇಳಿದವರು ಹುಬ್ಬೇರಿಸಿ ಸುಮ್ಮನಾಗುತ್ತಿದ್ದರು. ನಿಜ ಹೇಳಬೇಕೆಂದರೆ ಡ್ರಮ್ಮುಗಳಿಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಹೊಸದಾಗಿ ಬಂದ ಡ್ರಮ್ಮಿಗೆ ಹಳದಿ ಚೀಟಿ, ಅಂದರೆ ಇನ್ನೂ ಪರೀಕ್ಷೆ ಆಗಬೇಕು. ಲ್ಯಾಬಿನವರು ನೋಡಿ ಸರಿಯಿದೆ ಎಂದರೆ ಹಸಿರು, ಅಂದರೆ ಪಾಸು. ಸರಿಯಿಲ್ಲ ಎಂದರೆ ಕೆಂಪು. ಅಂಥ ಡ್ರಮ್ಮನ್ನು ಹಗ್ಗ ಕಟ್ಟಿದ ಮೂಲೆಯಲ್ಲಿ ಒಂಟಿಯಾಗಿ ನಿಲ್ಲಿಸಬೇಕು, ಯಾರೂ ಮುಟ್ಟಬಾರದು. ಎರಡು ವರ್ಷ ಇದನ್ನೇ ಮಾಡಿ ನನ್ನ ತಲೆಯಲ್ಲಿ ಬೇರೆ ಬಣ್ಣವೇ ಉಳಿದಿರಲಿಲ್ಲ. ಸೈದಾಪುರದ ಖಾನಾವಳಿಯಲ್ಲಿ ತಟ್ಟೆಗೆ ರೊಟ್ಟಿ ಬಿದ್ದರೆ ಮೊದಲು ಮನಸ್ಸಿನಲ್ಲೇ ಹಳದಿ ಚೀಟಿ ಅಂಟಿಸಿ, ಒಂದು ತುತ್ತು ತಿಂದು, ಆಮೇಲೆ ಹಸಿರೋ ಕೆಂಪೋ ಎಂದು ತೀರ್ಮಾನಿಸುತ್ತಿದ್ದೆ.

ಸೈದಾಪುರದ ಬಾಡಿಗೆ ಕೋಣೆಯಲ್ಲಿ ನನ್ನ ಜೊತೆ ಇನ್ನೊಬ್ಬನಿದ್ದ. ಯಾದಗಿರಿ ಪೇಟೆಯವನು, ನನ್ನದೇ ವಯಸ್ಸು, ಅದೇ ಕಂಪನಿಯ ಬಾಯ್ಲರಿನಲ್ಲಿ ಕೆಲಸ. ಗಂಟೆಗೊಮ್ಮೆ ಬಿಸಿ ಎಷ್ಟು, ಒತ್ತಡ ಎಷ್ಟು ಎಂದು ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುವುದು, ಶಿಫ್ಟ್ ಮುಗಿದಾಗ ಮುಂದಿನವನಿಗೆ ಚಾರ್ಜ್ ಕೊಟ್ಟು ಸಹಿ ಹಾಕಿಸಿಕೊಳ್ಳುವುದು. ರಜೆಯ ದಿನವೂ ಅವನು ಗಂಟೆಗೊಮ್ಮೆ ಎದ್ದು ಮೂಲೆಯಲ್ಲಿದ್ದ ನೀರಿನ ಕೊಡದೊಳಗೆ ಇಣುಕಿ ಬಂದು ಕೂರುತ್ತಿದ್ದ. ಏನು ನೋಡುತ್ತಿದ್ದನೋ ದೇವರಿಗೇ ಗೊತ್ತು. ಅವನನ್ನು ಇಲ್ಲಿ ಬಾಯ್ಲರಿನವನು ಎಂದೇ ಕರೆಯುತ್ತೇನೆ. ಮುಂದೆ ಅವನು ಬಂದಿದ್ದ ನಮ್ಮ ಹಳ್ಳಿಯಲ್ಲೂ ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಕಂಪನಿಗಳು ಒಮ್ಮೆಲೇ ನಿಲ್ಲುವುದಿಲ್ಲ. ಮೊದಲು ಕ್ಯಾಂಟೀನಿನಲ್ಲಿ ಮೊಟ್ಟೆ ನಿಂತಿತು. ಕೋಳಿಗಳದ್ದೇ ಏನೋ ತೊಂದರೆ ಇರಬೇಕು ಎಂದುಕೊಂಡೆವು. ಆಮೇಲೆ ಓವರ್‌ಟೈಮ್ ನಿಂತಿತು. ಲಾರಿಗಳು ನಿಂತವು. ತಯಾರಾದ ಡ್ರಮ್ಮುಗಳು ಹಸಿರು ಚೀಟಿ ಹೊತ್ತು ಗೋದಾಮು ತುಂಬಿ, ಅಂಗಳ ತುಂಬಿ, ಸೈಕಲ್ ನಿಲ್ಲಿಸುವ ಜಾಗಕ್ಕೂ ಬಂದವು. ಪಾಸಾದವೆಲ್ಲ ಹೀಗೆ ಬಿಸಿಲಿಗೆ ನಿಂತಿರುವುದು ನೋಡಿ ನನಗೆ ಸುರಪುರದಲ್ಲಿ ಓದಿದ ನನ್ನ ಕಾಲೇಜಿನ ಗೆಳೆಯರ ನೆನಪಾಗುತ್ತಿತ್ತು. ಮಾಡಿಸಲು ಕೆಲಸವಿಲ್ಲದೆ ಸೂಪರ್‌ವೈಸರ್ ನಮ್ಮಿಂದ ಮೆಟ್ಟಿಲ ಕಂಬಿಗೆ ಬಣ್ಣ ಹಚ್ಚಿಸಿದ. ಅದು ಮುಗಿದ ಮೇಲೆ ಅದೇ ಕಂಬಿಗೆ ಮತ್ತೊಮ್ಮೆ ಹಚ್ಚಿಸಿದ. ಮೂರನೆಯ ಸಲ ಹಚ್ಚುವ ಹೊತ್ತಿಗೆ ಕಂಬಿ ನನ್ನ ತೋಳಿಗಿಂತ ದಪ್ಪವಾಗಿತ್ತು. ನಮ್ಮ ಕಂಪನಿಯೊಂದೇ ಅಲ್ಲ, ಕಡೇಚೂರು ಕೈಗಾರಿಕಾ ಪ್ರದೇಶದ ಅಕ್ಕಪಕ್ಕದ ಚಿಮಣಿಗಳಲ್ಲೂ ಹೊಗೆ ಕಾಣುತ್ತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಗುತ್ತಿಗೆದಾರ ನಮ್ಮನ್ನು ಗೇಟಿನ ಹೊರಗೇ ನಿಲ್ಲಿಸಿದ. ಅಲ್ಲಿ ನಿಂತವರೆಲ್ಲ ಯಾದಗಿರಿ, ಶಹಾಪುರ, ಸುರಪುರ ಕಡೆಯ ಹುಡುಗರು. ಮೂವತ್ತು ದಾಟಿದವರು ಒಬ್ಬರೂ ಇರಲಿಲ್ಲ.

“ಆರ್ಡರ್ ಇಲ್ರೋ ತಮ್ಮಾ. ಕಂಪನಿ ಬಂದ್ ಆಗಿಲ್ಲ, ಬರೀ ನಿಂತಾದ. ಚಾಲೂ ಆದ ಮ್ಯಾಲ ಫೋನ್ ಹಚ್ಚತೀನಿ,” ಎಂದ.

“ಬಂದ್ ಆಗೂದಕ್ಕೂ ನಿಂದ್ರೂದಕ್ಕೂ ಫರಕ್ ಏನ್ರಿ?” ಎಂದು ಬಾಯ್ಲರಿನವನು ಕೇಳಿದ.

“ಬಂದ್ ಆದ್ರ ನಾ ಫೋನ್ ಹಚ್ಚಂಗಿಲ್ಲ.”

ಇದರಲ್ಲಿ ಏನೋ ಒಂದು ಸಮಾಧಾನ ಇದೆ ಎಂದು ನಮಗೆಲ್ಲ ಅನ್ನಿಸಿತು. ಏನು ಸಮಾಧಾನ ಎಂದು ಈಗ ಕೇಳಿದರೆ ಹೇಳಲಾರೆ.

ಕೆಲಸ ಹೋದದ್ದಕ್ಕೆ ಬೇಸರವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾನು ಹೆದರಲು ಬೇರೆ ಕಾರಣವಿತ್ತು. ಎರಡು ತಿಂಗಳ ಹಿಂದಷ್ಟೇ ಶಹಾಪುರದ ಹತ್ತಿರದ ಒಂದು ಊರಿನಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಪಿಯುಸಿ ಓದಿದ ಹುಡುಗಿ, ಹೊಲಿಗೆ ಕಲಿತವಳು, ನಗುವಾಗ ತುಟಿ ಮುಚ್ಚಿಕೊಂಡು ಕಣ್ಣಲ್ಲೇ ನಗುವವಳು. ಅವಳು ಚಹಾ ತಂದುಕೊಟ್ಟಾಗ ನಾನು ಹಸಿರು ಚೀಟಿ ಅಂಟಿಸಿದ್ದು ಚಹಾಕ್ಕಲ್ಲ. ಆದರೆ ಅಲ್ಲಿ ತೀರ್ಮಾನ ಮಾಡುವವನು ನಾನಾಗಿರಲಿಲ್ಲ, ಅವಳ ಅಪ್ಪ. ಗಿಡ್ಡ ಮನುಷ್ಯ, ಕೆಂಪು ರುಮಾಲು, ಮಾತು ಕಡಿಮೆ. ನೂರಕ್ಕೂ ಹೆಚ್ಚು ಕುರಿ ಸಾಕಿದವನು. ನನ್ನ ಕೊರಳಿನ ಐಡಿ ಕಾರ್ಡನ್ನು ಹಿಡಿದು ಮುಂದೊಮ್ಮೆ ಹಿಂದೊಮ್ಮೆ ತಿರುಗಿಸಿ ನೋಡಿದ. ಆಮೇಲೆ ನನ್ನ ಅಪ್ಪನ ಕಡೆ ತಿರುಗಿದ.

“ಮೂವತ್ತ ವರ್ಷ ಕುರಿ ಹಿಂದ ತಿರಗೀನಿ. ನನ್ನ ಹೆಂಡತಿ ಮೂರು ಹಡದಾಳ, ಮೂರು ಸಲಾನೂ ನಾ ಎಲ್ಲೋ ಅಡವ್ಯಾಗ ಇದ್ದೆ. ಕುರಿ ಹಿಂದ ಹೋಗಾವಗ ನನ್ನ ಮಗಳನ್ನ ಕೊಡಂಗಿಲ್ಲ. ನಿನ್ನ ಮಗ ಕಂಪನ್ಯಾಗ ಅದಾನ, ಅದಕ್ಕ ಹೂಂ ಅಂತೀನಿ.”

ನನ್ನ ಅಪ್ಪ ಜೀವಮಾನವಿಡೀ ಕುರಿ ಹಿಂದೆಯೇ ಹೋದವನು. ಸಿಟ್ಟಾಗುತ್ತಾನೇನೋ ಎಂದು ನೋಡಿದೆ. ಅವನು “ಖರೇ ಅದ” ಎಂದು ತಲೆಯಾಡಿಸಿ ಇನ್ನೊಂದು ಕಪ್ ಚಹಾ ಕೇಳಿದ. ಮಾತು ಮುಗಿದು ಎಲ್ಲರ ಬಾಯಿಗೂ ಸಕ್ಕರೆ ಬಿತ್ತು. ಆವತ್ತಿನಿಂದ ಆ ಹುಡುಗಿಯನ್ನು ಮದುವೆಯಾಗಬೇಕು ಎಂಬುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ. ಈಗ ಕಂಪನಿ ನಿಂತಿತ್ತು, ಮನೆಯಲ್ಲಿ ಅರವತ್ತು ಕುರಿಗಳಿದ್ದವು.

ನಾನು ಚೀಲ ಕಟ್ಟುವಾಗ ಬಾಯ್ಲರಿನವನೂ ಚೀಲ ಕಟ್ಟಿದ.

“ನಮ್ಮಪ್ಪ ಓಣಿ ತುಂಬಾ ನನ್ನ ಮಗ ಇಂಜಿನಿಯರ್ ಅಂತ ಹೇಳ್ಕೋತ ತಿರಗ್ಯಾನಲೇ. ಈಗ ಮನಿಗಿ ಹೋಗಿ ಏನಂತ ಹೇಳ್ಲಿ? ಒಂದ್ ವಾರ ನಿಮ್ಮೂರಿಗಿ ಬರ್ತೀನಿ,” ಎಂದ. ಆ ಒಂದು ವಾರ ನಾಲ್ಕು ತಿಂಗಳಾಯಿತು.

ನಮ್ಮ ಊರು ಸುರಪುರದಿಂದ ಹೊಳೆಯ ಕಡೆಗೆ. ಅಪ್ಪ ಕಟ್ಟೆಯ ಮೇಲೆ ಕುಳಿತು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೊಣಕಾಲು ನೀವಿಕೊಂಡು, “ಬೇಷಾತು ಬಿಡು. ನನ್ನ ಮೊಣಕಾಲ ಭಾಳ ಬ್ಯಾನಿ ಆಗ್ಯಾದ. ನಾಳಿಂದ ಕುರಿ ನೀವಿಬ್ರೂ ಹೊಡಕೊಂಡ ಹೋಗ್ರಿ,” ಎಂದ. ದೇಶದ ವ್ಯಾಪಾರವೆಲ್ಲ ಬಿದ್ದುಹೋಗಿದ್ದು ತನ್ನ ಮೊಣಕಾಲಿಗೆ ವಿಶ್ರಾಂತಿ ಕೊಡಲಿಕ್ಕೇ ಎಂಬಂತಿತ್ತು ಅವನ ಮುಖ.

ಅವ್ವನ ಚಿಂತೆಯೇ ಬೇರೆ. “ಬೀಗರಿಗಿ ಗೊತ್ತಾಗಬಾರದು. ಯಾರ್ ಕೇಳಿದ್ರೂ ರಜಾ ಮ್ಯಾಲ ಬಂದಾನ ಅಂತೀನಿ. ನೀನೂ ಹಂಗ ಹೇಳು.”

ಹಾಗಾಗಿ ನಾನು ಕಂಪನಿಯ ನೀಲಿ ಅಂಗಿ, ನೀಲಿ ಪ್ಯಾಂಟು, ಕಾಲಿಗೆ ಕಬ್ಬಿಣದಷ್ಟು ಭಾರದ ಶೂಸು, ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡೇ ಕುರಿ ಕಾಯಲು ಹೋದೆ. ರಸ್ತೆಯಲ್ಲಿ ಹೋಗುವ ನೆಂಟರು ಯಾರಾದರೂ ನೋಡಿದರೆ, ರಜೆಯಲ್ಲಿ ಬಂದಿದ್ದೇನೆ, ಅಪ್ಪನಿಗೆ ಒಂದು ದಿನ ವಿಶ್ರಾಂತಿ ಕೊಟ್ಟೆ ಎಂದು ಹೇಳುವುದು. ಬಾಯ್ಲರಿನವನು ಯಾವ ಅಗತ್ಯವೂ ಇಲ್ಲದೆ ತಾನೂ ಅದೇ ವೇಷ ಹಾಕಿದ. ಅಮಾವಾಸ್ಯೆಯ ದಿನ ಬಂದರೆ ನಮಗೆ ಎಲ್ಲಿಲ್ಲದ ಕಷ್ಟ. ತಿಂಥಣಿಯ ಗುಡಿಗೆ ಹೋಗುವವರ ಬೈಕು, ಟಂಟಂ, ಟ್ರ್ಯಾಕ್ಟರು ರಸ್ತೆಯ ತುಂಬ. ನಾನು ಬಂಡೆಗಲ್ಲಿನ ಹಿಂದೆ ಅವಿತುಕೊಳ್ಳುತ್ತಿದ್ದೆ. ಬಾಯ್ಲರಿನವನು ರಸ್ತೆ ಬದಿಗೆ ನಿಂತು, ಕೇಳದವರಿಗೂ “ಇವತ್ತೊಂದ ದಿನಾ ರಜಾ ರಿ” ಎಂದು ಕೂಗಿ ಹೇಳುತ್ತಿದ್ದ. ನಾಲ್ಕನೆಯ ಅಮಾವಾಸ್ಯೆಗೆ ಒಬ್ಬ ಮುದುಕ ಬೈಕು ನಿಲ್ಲಿಸಿ, “ನಿಮ್ಮ ಕಂಪನಿಗಿ ನಮ್ಮ ಹುಡುಗನ್ನೂ ಸೇರಸ್ರಪಾ, ಭಾಳ ರಜಾ ಕೊಡ್ತಾರ,” ಎಂದು ಕೈಮುಗಿದ.

ಶಿಫ್ಟ್ ಇಲ್ಲದೆ ಕೆಲಸ ಮಾಡಿದರೆ ಮನುಷ್ಯ ಹಾಳಾಗುತ್ತಾನೆ ಎಂಬುದು ಬಾಯ್ಲರಿನವನ ನಂಬಿಕೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು, ಮಧ್ಯಾಹ್ನದಿಂದ ಸಂಜೆಯವರೆಗೆ ನಾನು. ಇಬ್ಬರೂ ಅಲ್ಲೇ ಇರುತ್ತಿದ್ದೆವು, ಆದರೆ ಚಾರ್ಜ್ ಮಾತ್ರ ಒಬ್ಬನದು. ಅವನ ಶಿಫ್ಟಿನಲ್ಲಿ ಕುರಿ ಯಾರದ್ದಾದರೂ ಹೊಲಕ್ಕೆ ನುಗ್ಗಿದರೆ ನಾನು ಎದ್ದೇಳುವಂತಿರಲಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಸಮಯ, ಬಿಸಿ, ಒತ್ತಡ, ಷರಾ ಎಂದು ಬರೆದ. ಗಂಟೆಗೊಮ್ಮೆ ಯಾವುದಾದರೂ ಒಂದು ಟಗರಿನ ಕಿವಿ ಮುಟ್ಟಿ ನೋಡಿ ‘ಬಿಸಿ: ಸರಿ, ಒತ್ತಡ: ನಾರ್ಮಲ್’ ಎಂದು ಬರೆಯುತ್ತಿದ್ದ. ಸಂಜೆ ಕುರಿ ಹಟ್ಟಿಗೆ ಬಂದಾಗ ಅಪ್ಪನ ಮುಂದೆ ಪುಸ್ತಕ ಹಿಡಿದು ಸಹಿ ಕೇಳಿದ. ಅಪ್ಪ ಪುಸ್ತಕ ನೋಡಿ, ಅವನನ್ನು ನೋಡಿ, “ಈತಗ ಬಿಸಿಲ ಹತ್ಯಾದೇನಲೇ?” ಎಂದು ನನ್ನನ್ನು ಕೇಳಿದ.

ಅವನನ್ನು ನೋಡಿ ನಗಲು ನಾನೇನೂ ಕಡಿಮೆ ಹುಚ್ಚನಾಗಿರಲಿಲ್ಲ. ಪಕ್ಕದ ಮನೆಯವರು ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚಿ ಉಳಿಸಿದ್ದ ಬಣ್ಣದ ಡಬ್ಬಿಗಳು ನನ್ನ ಕಣ್ಣಿಗೆ ಬಿದ್ದವು. ಹಸಿರು, ಹಳದಿ, ಕೆಂಪು. ನೋಡಿದ ಕೂಡಲೇ ನನ್ನ ಕೈ ತುರಿಸಿತು. ಕುಂಟುವ ಕುರಿಗೆ, ಕೆಮ್ಮುವ ಕುರಿಗೆ ಬೆನ್ನ ಮೇಲೆ ಹಳದಿ ಬೊಟ್ಟು, ಪರೀಕ್ಷೆಯಲ್ಲಿದೆ ಎಂದು. ಗಟ್ಟಿಮುಟ್ಟಾದವಕ್ಕೆ ಹಸಿರು. ಬಂದವರಿಗೆಲ್ಲ ಗುದ್ದುವ ಒಂದು ಹಟಮಾರಿ ಟಗರಿಗೆ ಕೆಂಪು ಹಚ್ಚಿ, ಹಟ್ಟಿಯ ಮೂಲೆಯಲ್ಲಿ ಹಗ್ಗ ಕಟ್ಟಿ ಒಂಟಿಯಾಗಿ ನಿಲ್ಲಿಸಿದೆ. ಅದು ದಿನಾ ಬೆಳಿಗ್ಗೆ ಹಗ್ಗ ಹರಿದುಕೊಂಡು ಬಂದು ಎಲ್ಲಕ್ಕಿಂತ ಮುಂದೆ ನಡೆಯುತ್ತಿತ್ತು. ಕಂಪನಿಯಲ್ಲಿ ಯಾವ ಡ್ರಮ್ಮೂ ಹೀಗೆ ಮಾಡಿರಲಿಲ್ಲ. ನನಗೆ ಬಹಳ ಸಿಟ್ಟು ಬರುತ್ತಿತ್ತು.

ಇನ್ನು ಫೋನಿನ ಕಥೆ. ಹುಡುಗಿ ಮಧ್ಯಾಹ್ನದ ಹೊತ್ತಿಗೆ ಫೋನು ಮಾಡುತ್ತಿದ್ದಳು, ಮನೆಯಲ್ಲಿ ಎಲ್ಲರೂ ಮಲಗಿರುವ ಸಮಯ ನೋಡಿ. ನಾನು ಕಂಪನಿಯಲ್ಲಿ ಇದ್ದೇನೆ ಎಂದು ತೋರಿಸಬೇಕಲ್ಲ, ಬಾಯ್ಲರಿನವನು ಬೇವಿನ ಮರದ ಕೆಳಗೆ ಕುಳಿತು ಊಟದ ಸ್ಟೀಲ್ ತಟ್ಟೆಯನ್ನು ಕಲ್ಲಿನಿಂದ ಒಂದೇ ಸಮನೆ ಬಡಿಯುತ್ತಿದ್ದ, ನಡುನಡುವೆ ಬಾಯಿಂದ ಸ್ಸ್ಸ್ ಎಂದು ಹಬೆಯ ಸದ್ದು ಮಾಡುತ್ತಿದ್ದ. ಹಬೆಯಲ್ಲಿ ಅವನಿಗೆ ಒಳ್ಳೆಯ ಅನುಭವವಿತ್ತು. ಆದರೆ ಕುರಿಗಳಿಗೆ ಯಾರು ಹೇಳಬೇಕು?

“ಅದೇನ್ರಿ, ಬ್ಯಾ ಬ್ಯಾ ಅಂತ ಕೇಳಸ್ತದಲ್ಲ?” ಎಂದಳು ಮೊದಲ ದಿನವೇ.

“ಮಷಿನ್ ಬೆಲ್ಟು. ಹಳೇದಾಗ್ಯಾದ, ಒದರ್ತದ.”

“ಹೌದ್ರೀ? ಎಷ್ಟ್ ಬೆಲ್ಟ್ ಅದಾವ್ರಿ?”

“ಅರವತ್ತ,” ಎಂದೆ. ಸುಳ್ಳು ಹೇಳುವವನಿಗೆ ಇಷ್ಟು ಪ್ರಾಮಾಣಿಕತೆ ಇರಬಾರದು.

ಮುಂದಿನ ವಾರ ಅವಳು, “ಒಂದ್ ಬೆಲ್ಟಿಗಿ ಕೆಮ್ಮ ಬಂದಂಗ ಅದಲ್ರೀ. ಶುಂಠಿ, ಬೆಲ್ಲಾ ಕುದಿಸಿ ಎರಡ ದಿನಾ ಕುಡಸ್ರಿ,” ಎಂದಳು. ನಾನು ಹೂಂ ಎಂದೆ. ಅವ್ವನಿಂದ ಶುಂಠಿ, ಬೆಲ್ಲ ಇಸಿದುಕೊಂಡು ಕುದಿಸಿ ಹಳದಿ ಬೊಟ್ಟಿನ ಆ ಕುರಿಗೆ ಕುಡಿಸಿದೆ. ಕೆಮ್ಮು ನಿಂತಿತು. ಹಳದಿ ಅಳಿಸಿ ಹಸಿರು ಹಚ್ಚಿದೆ. ಇಷ್ಟೆಲ್ಲ ಆದರೂ, ಬೆಲ್ಟಿಗೆ ಯಾರೂ ಶುಂಠಿ ಕುಡಿಸುವುದಿಲ್ಲ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಅವಳಿಗೆ ಏನೂ ಗೊತ್ತಾಗಿಲ್ಲ ಎಂದೇ ನಂಬಿದ್ದೆ. ಬಾಯ್ಲರಿನವನು ಮಾತ್ರ ಒಮ್ಮೆ ತಟ್ಟೆ ಬಡಿಯುವುದು ನಿಲ್ಲಿಸಿ, “ಅಕೀ ಭಾಳ ಶಾಣ್ಯಾಕಿ ಅದಾಳಲೇ,” ಎಂದ. ತಟ್ಟೆ ಬಡಿಯೋ ಎಂದು ಬೈದೆ.

ಹೀಗೆ ನಾಲ್ಕು ತಿಂಗಳು ಕಳೆಯಿತು. ಗುತ್ತಿಗೆದಾರನ ಫೋನು ಬರಲಿಲ್ಲ. ಒಂದು ದಿನ ಅಪ್ಪ, ಒಂಬತ್ತು ಟಗರುಗಳನ್ನು ಆರಿಸಿ ಇಟ್ಟಿದ್ದೇನೆ, ಶಹಾಪುರದ ಸಂತೆಗೆ ಒಯ್ದು ಮಾರಿಕೊಂಡು ಬನ್ನಿ ಎಂದ. ಶಹಾಪುರ ಎಂದ ಕೂಡಲೇ ನಾನು ಅಡ್ಡ ಬಾಯಿ ಹಾಕಿದೆ.

“ಅಲ್ಲಿ ಬೀಗರೂರಿನ ಮಂದಿ ಬರ್ತಾರಪ್ಪಾ.”

“ಬರ್ಲಿ. ಟಗರ ನೋಡಾಕ ಬರ್ತಾರ, ನಿನ್ನ ಮಾರಿ ನೋಡಾಕ ಅಲ್ಲ,” ಎಂದು ಅಪ್ಪ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಒಳಗೆ ಹೋದ.

ಸಂತೆಯ ದಿನ ಬೆಳಿಗ್ಗೆ ಟೆಂಪೋ ಬರುವ ಮುಂಚೆ ಬಾಯ್ಲರಿನವನಿಗೆ ಒಂದು ವಿಚಾರ ಬಂತು. ಮಾಲು ಹೊರಗೆ ಹೋಗುವಾಗ ಅದರ ಮೇಲೆ ಚೀಟಿ ಸರಿಯಾಗಿ ಕಾಣಬೇಕು, ಹಳೆಯ ಬೊಟ್ಟುಗಳು ಮಾಸಿವೆ. ನನಗೂ ಸರಿ ಅನ್ನಿಸಿತು. ಇಬ್ಬರೂ ಸೇರಿ ಒಂಬತ್ತು ಟಗರುಗಳ ಬೆನ್ನ ಮೇಲೂ ಅಂಗೈ ಅಗಲದ ಹಸಿರು ಗುಂಡು ಬಳಿದೆವು. ನೋಡಿದವರಿಗೆ ಒಳ್ಳೆಯ ಮಾಲು ಎಂದು ದೂರದಿಂದಲೇ ತಿಳಿಯಲಿ ಎಂದು. ಅಪ್ಪ ಒಳಗೆ ಮಲಗಿದ್ದ, ನೋಡಲಿಲ್ಲ. ನೋಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕುರಿ ಸಂತೆಯಲ್ಲಿ ಬೆನ್ನ ಮೇಲಿನ ಬಣ್ಣಕ್ಕೆ ಒಂದೇ ಅರ್ಥ. ವ್ಯಾಪಾರ ಮುಗಿದ ಕೂಡಲೇ ಕೊಂಡವನು ತನ್ನ ಬಣ್ಣವನ್ನು ಕುರಿಯ ಬೆನ್ನಿಗೆ ಹಚ್ಚುತ್ತಾನೆ. ಒಬ್ಬನದು ಕೆಂಪು, ಒಬ್ಬನದು ನೀಲಿ. ಹಚ್ಚಿದ ಮೇಲೆ ಅದು ಅವನದು. ಇದು ನನಗೆ ಗೊತ್ತಿರಲಿಲ್ಲವೇ? ಕುರಿ ಮನೆಯಲ್ಲಿ ಹುಟ್ಟಿದವನು, ಅಪ್ಪನ ಹೆಗಲ ಮೇಲೆ ಕುಳಿತು ಸಂತೆ ನೋಡಿದವನು, ಖಂಡಿತ ಗೊತ್ತಿತ್ತು. ಆದರೆ ಆ ಬೆಳಿಗ್ಗೆ ನನ್ನ ತಲೆಯಲ್ಲಿ ಹಸಿರು ಎಂದರೆ ಪಾಸು, ಅಷ್ಟೇ. ಕಂಪನಿ ನನ್ನನ್ನು ಬಿಟ್ಟು ನಾಲ್ಕು ತಿಂಗಳಾಗಿತ್ತು, ನಾನು ಕಂಪನಿಯನ್ನು ಬಿಟ್ಟಿರಲಿಲ್ಲ.

ಸಂತೆಯಲ್ಲಿ ಟಗರುಗಳನ್ನು ಇಳಿಸಿ, ಚಹಾ ಕುಡಿದು ಬರೋಣವೆಂದು ಹೋದೆವು. ಬಾಯ್ಲರಿನವನ ಪುಸ್ತಕದ ಪ್ರಕಾರ ಎಂಟು ನಿಮಿಷ. ಬಂದು ನೋಡಿದರೆ ಟಗರುಗಳಿಲ್ಲ. ಹೈದರಾಬಾದಿಗೆ ಕುರಿ ಸಾಗಿಸುವ ಒಬ್ಬ ವ್ಯಾಪಾರಿಯ ಆಳುಗಳು ನಮ್ಮ ಒಂಬತ್ತನ್ನೂ ಅವನ ಹಿಂಡಿನ ಜೊತೆ ಸೇರಿಸಿಬಿಟ್ಟಿದ್ದರು. ಅವನ ಬಣ್ಣ ಹಸಿರು.

“ಅವು ನಮ್ಮವು ರಿ!” ಎಂದು ಓಡಿಹೋಗಿ ಹೇಳಿದೆ.

“ಅರೇ ಭಾಯ್, ಹಸಿರ ಹಚ್ಚೀದು ನಂದು. ಬಾತ್ ಖತಮ್.” ವ್ಯಾಪಾರಿ ಒರಟನಲ್ಲ, ಬಹಳ ಸಮಾಧಾನದ ಮನುಷ್ಯ. ಬೆಳಗಿನಿಂದ ಹತ್ತಾರು ಕಡೆ ಕೊಂಡು ಹಚ್ಚಿದ್ದ, ಲೆಕ್ಕ ತಪ್ಪಿರಬಹುದೆಂದು ಅವನಿಗೆ ಅನ್ನಿಸಲೇ ಇಲ್ಲ.

“ಹಸಿರ ಅಂದ್ರ ಪಾಸ್ ರಿ! ಕ್ವಾಲಿಟಿ ಪಾಸ್!”

“ಹೌದು, ನಾ ಪಾಸ್ ಮಾಡೀನಿ, ಅದಕ್ಕ ಹಚ್ಚೀನಿ.”

ಬಾಯ್ಲರಿನವನು ಸಾಕ್ಷಿಗೆಂದು ನೋಟ್‌ಬುಕ್ ತೆಗೆದ. ‘ಏಳು ಗಂಟೆ, ಒಂಬತ್ತು ಟಗರು, ಹಸಿರು, ಬಿಸಿ ಸರಿ, ಒತ್ತಡ ನಾರ್ಮಲ್.’ ವ್ಯಾಪಾರಿ ಕನ್ನಡಕ ಹಾಕಿಕೊಂಡು ಓದಿದ. ಪಕ್ಕದವನಿಗೆ ಕೊಟ್ಟ. ಅವನು ಅವನ ಪಕ್ಕದವನಿಗೆ. “ಟಗರಿಗಿ ಪ್ರೆಶರ್ ಎಲ್ಲಿ ಹಿಡದು ನೋಡಿದಿಯೋ ಮಾರಾಯಾ?” ಎಂದು ಯಾರೋ ಕೇಳಿದರು. ಅರ್ಧ ಸಂತೆ ನಮ್ಮ ಸುತ್ತ ನೆರೆದಿತ್ತು.

“ಈ ಹುಡುಗರ ಅಂಗಿ ನೋಡ್ರಿ, ಕೊರಳಾನ ಕಾರ್ಡ್ ನೋಡ್ರಿ,” ಎಂದ ವ್ಯಾಪಾರಿ ಜನರಿಗೆ. “ಫ್ಯಾಕ್ಟರಿ ಮಂದಿ. ಇವರ ಹತ್ರ ಕುರಿ ಎಲ್ಲಿಂದ ಬರಬೇಕು? ಯಾರಾದ್ರೂ ಹಿರೇರು ನ್ಯಾಯಾ ಹೇಳ್ರಿ.”

ಗುಂಪು ಸರಿದು ಒಬ್ಬ ಹಿರಿಯನಿಗೆ ದಾರಿ ಬಿಟ್ಟಿತು. ಗಿಡ್ಡ ಮನುಷ್ಯ, ಕೆಂಪು ರುಮಾಲು. ಹುಡುಗಿಯ ಅಪ್ಪ.

ಆ ಕ್ಷಣ ನನಗೆ ನಿಜವಾಗಿಯೂ ಸಾಯಬೇಕು ಅನ್ನಿಸಿತು. ಅವನು ನನ್ನನ್ನು ಗುರುತಿಸಿದ, ಆದರೆ ತೋರಿಸಿಕೊಳ್ಳಲಿಲ್ಲ. ಟಗರುಗಳ ಕಿವಿ ಹಿಡಿದು ನೋಡಿದ. ನಮ್ಮ ಮನೆಯಲ್ಲಿ ಕಿವಿ ಕೊಯ್ದು ಗುರುತು ಮಾಡುವ ಪದ್ಧತಿಯಿಲ್ಲ, ಅಜ್ಜನಿಗೆ ಅದು ಇಷ್ಟವಿರಲಿಲ್ಲವಂತೆ. ಅಜ್ಜನ ಕರುಣೆ ನನ್ನ ಕುತ್ತಿಗೆಗೆ ಬಂತು.

“ಹಸಿರ ಹಚ್ಚಿದ್ದೆಲ್ಲಾ ಬಯಲಿಗಿ ಬಿಡ್ರಿ,” ಎಂದ ಹಿರಿಯ. ಬಿಟ್ಟರು, ಮೂವತ್ತರ ಮೇಲಿದ್ದವು. “ಕುರಿ ಮೇಸಿದಾವ ಕರದ್ರ ಕುರಿ ಬರ್ತಾವ. ಈತ ಕರೀಲಿ. ಬಂದ್ರ ಇವನವು. ಬರಲಿಲ್ಲಂದ್ರ ಈತ ಕಂಪನಿ ಮನಷ್ಯಾ, ಸುಮ್ನ ಮನಿಗಿ ಹೋಗ್ಲಿ.”

ಎಲ್ಲರೂ ನ್ಯಾಯ ಎಂದರು. ನಾನು ಮಾತ್ರ ಲೆಕ್ಕ ಹಾಕಿದೆ. ಕರೆದರೆ ಟಗರು ಬರುತ್ತವೆ, ಹೆಣ್ಣು ಹೋಗುತ್ತದೆ. ಕರೆಯದಿದ್ದರೆ ನಾನು ಕಂಪನಿಯ ಮನುಷ್ಯನಾಗಿಯೇ ಉಳಿಯುತ್ತೇನೆ, ಅಪ್ಪನ ಟಗರುಗಳು ಹೈದರಾಬಾದಿನ ಲಾರಿ ಹತ್ತುತ್ತವೆ. ಬಾಯ್ಲರಿನವನು ನನ್ನ ಕಿವಿಯಲ್ಲಿ, “ಹಗೂರಕ ಕರಿ, ಕುರಿಗಷ್ಟ ಕೇಳಂಗ,” ಎಂದ.

ನಾನು ಮೊದಲು ಅಂಗೈ ತಟ್ಟಿ “ಬರ್ರಿ, ಬರ್ರಿ” ಎಂದೆ, ಪೇಟೆಯವರು ಕರೆಯುವ ಹಾಗೆ. ಒಂದೂ ತಲೆ ಎತ್ತಲಿಲ್ಲ. ಜನ ನಕ್ಕರು. ವ್ಯಾಪಾರಿ ಆಳುಗಳಿಗೆ ಕೈಸನ್ನೆ ಮಾಡಿದ. ಮುಂದಿದ್ದ ಟಗರು ನನ್ನ ಕಡೆ ನೋಡುತ್ತ ನಿಂತಿತ್ತು, ಇದೇನು ಇವನು ಹೀಗೆ ಕರೆಯುತ್ತಿದ್ದಾನೆ ಎನ್ನುವ ಹಾಗೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಅವುಗಳ ಹಿಂದೆ ತಿರುಗಿದ ಅಪ್ಪ ಕಣ್ಣ ಮುಂದೆ ಬಂದ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಹೊಟ್ಟೆಯಿಂದ ಉಸಿರೆಳೆದು, ಅಪ್ಪ ಕರೆಯುವ ಹಾಗೆ ಕರೆದೆ. ಆ ಸದ್ದನ್ನು ಬರೆಯಲು ನಮ್ಮ ಅಕ್ಷರಮಾಲೆಯಲ್ಲಿ ಅಕ್ಷರವಿಲ್ಲ. ಒಮ್ಮೆ ಕರೆದೆ, ಎರಡನೆಯ ಸಲ ಇನ್ನೂ ಜೋರಾಗಿ.

ಬಂದವು. ಜನರ ಕಾಲುಗಳ ನಡುವೆ ನುಗ್ಗಿ, ಒಬ್ಬನ ಚಹಾ ಚೆಲ್ಲಿ, ಒಂಬತ್ತೂ ಓಡಿಬಂದು ನನ್ನ ನೀಲಿ ಪ್ಯಾಂಟಿಗೆ ಮೈ ತಿಕ್ಕಿದವು. ಹತ್ತನೆಯದೊಂದು ಸುಮ್ಮನೆ ಜೊತೆಗೆ ಬಂದಿತ್ತು, ಅದು ವ್ಯಾಪಾರಿಯದು. ಅದನ್ನು ಹಿಡಿದು ವಾಪಸು ಕೊಟ್ಟೆ. “ಮಾಫ್ ಮಾಡು ಭಾಯ್,” ಎಂದು ಅವನು ನನ್ನ ಬೆನ್ನು ತಟ್ಟಿ, “ಆದ್ರ ಬಣ್ಣಾ ಹಚ್ಚೂ ಹುಚ್ಚ ಬಿಡು,” ಎಂದ.

ಜನ ಚದುರಿದರು. ಹುಡುಗಿಯ ಅಪ್ಪ ಉಳಿದ.

“ಎಷ್ಟ್ ದಿನಾತು?” ಎಂದು ಕೇಳಿದ.

“ನಾಕ ತಿಂಗಳ್ರಿ. ಕಂಪನಿ ನಿಂತಾದ್ರಿ.”

“ಕುರಿ ಹಿಂದ ಹೋಗಾವಗ ಕೊಡಂಗಿಲ್ಲ ಅಂದಿದ್ದೆ.”

“ಹೌದ್ರಿ.”

“ಕರೀದ ಇದ್ದಿದ್ರ ನಾ ಏನ್ ಅಂತಿದ್ದಿಲ್ಲ. ಗೊತ್ತಿತ್ತಿಲ್ಲೋ ನಿನಗ?”

“ಗೊತ್ತಿತ್ರಿ.”

“ಮತ್ತ ಯಾಕ ಕರದಿ?”

“ಅಪ್ಪನ ಟಗರ ರಿ,” ಎಂದೆ.

ಅವನು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಅದಕ್ಕೆ ಬಹಳ ಹೊತ್ತು ಹಿಡಿಯಿತು. “ಕುರಿ ಅಂತೂ ಬಂದ್ವು. ನನ್ನ ಮಗಳು ಬರ್ತಾಳೋ ಇಲ್ಲೋ, ಅಕೀನ್ನ ಕೇಳಬೇಕು,” ಎಂದು ಹೇಳಿ ಹೋದ. ನಾವು ಟಗರುಗಳನ್ನು ಮಾರದೆ ವಾಪಸು ಕರೆದುಕೊಂಡು ಬಂದೆವು. ದಾರಿಯುದ್ದಕ್ಕೂ ಬಾಯ್ಲರಿನವನು ಪುಸ್ತಕ ತೆರೆಯಲಿಲ್ಲ.

ಮರುದಿನ ಮಧ್ಯಾಹ್ನ ಫೋನು ಬಂತು. ಬಾಯ್ಲರಿನವನು ಅಭ್ಯಾಸಬಲದಿಂದ ತಟ್ಟೆಗೆ ಕೈ ಹಾಕಿದ. ನಾನು ಕಿತ್ತುಕೊಂಡು ಆಚೆ ಇಟ್ಟೆ. ಕುರಿಗಳು ತಮ್ಮ ಪಾಡಿಗೆ ಒದರುತ್ತಿದ್ದವು. ಒದರಲಿ ಎಂದು ಬಿಟ್ಟೆ.

“ನಿನ್ನಿ ಅಪ್ಪ ಬಂದು ಎಲ್ಲಾ ಹೇಳ್ಯಾನ್ರಿ,” ಎಂದಳು.

“ನಿನಗ ಇವತ್ತ ಗೊತ್ತಾತು ಹಂಗಾರ.”

“ನನಗ ಮೊದಲನೇ ದಿನಾನ ಗೊತ್ತಾಗ್ಯಾದ್ರಿ. ಕುರಿ ಮನ್ಯಾಗ ಹುಟ್ಟೀನಿ, ಕುರಿ ದನಿ ಗೊತ್ತಾಗಂಗಿಲ್ಲೇನ್ರಿ?”

“ಮತ್ತ ಯಾಕ ಹೇಳಲಿಲ್ಲ?”

“ನೀವಾಗೇ ಹೇಳ್ತೀರೇನೋ ಅಂತ ಕಾದೆ,” ಎಂದಳು. ಅವಳ ದನಿಯಲ್ಲಿ ನಗು ಇರಲಿಲ್ಲ. ಈಗ ಬೈಯುತ್ತಾಳೆ, ಆಮೇಲೆ ಬೇಡ ಎನ್ನುತ್ತಾಳೆ ಎಂದು ನಾನು ಕಲ್ಲಿನ ಮೇಲೆ ಕುಳಿತೆ. ತಪ್ಪಾಯಿತು ಎಂದು ಹೇಳಲು ಸಿದ್ಧನಾಗಿದ್ದೆ.

“ಒಂದ್ ಮಾತ್ ಕೇಳ್ತೀನ್ರಿ, ಖರೇ ಹೇಳ್ರಿ. ಕಂಪನಿ ಬಿಡಿಸಿದ ದಿನಾ ಊಟಾ ಮಾಡಿದ್ರೇನು?”

ನಾಲ್ಕು ತಿಂಗಳಲ್ಲಿ ಎಲ್ಲರೂ ನನ್ನನ್ನು ಏನೇನೋ ಕೇಳಿದ್ದರು. ಯಾವಾಗ ಚಾಲೂ ಆಗುತ್ತದೆ, ಬೇರೆ ಕಡೆ ನೋಡಿದೆಯಾ, ಬೀಗರಿಗೆ ಗೊತ್ತಾಯಿತಾ. ಇದನ್ನು ಯಾರೂ ಕೇಳಿರಲಿಲ್ಲ. ನನಗೇ ನೆನಪಿರಲಿಲ್ಲ. ಆ ದಿನ ಗೇಟಿನಿಂದ ಕೋಣೆಗೆ ಬಂದು ಇಬ್ಬರೂ ಅನ್ನ ಮಾಡಿದ್ದೆವು. ಬಡಿಸಿಕೊಂಡೆವು. ತಟ್ಟೆ ಮುಂದಿಟ್ಟುಕೊಂಡು ಅವನು ಗೋಡೆ ನೋಡುತ್ತ ಕುಳಿತ, ನಾನು ಬಾಗಿಲು ನೋಡುತ್ತ ಕುಳಿತೆ. ಒಬ್ಬರೂ ಒಂದು ತುತ್ತು ಎತ್ತಲಿಲ್ಲ.

“ಇಲ್ಲ,” ಎಂದೆ. ಅಷ್ಟು ಹೇಳುವಾಗಲೇ ನನಗೆ ಅಳು ಬಂತು. ಕುರಿಗಳ ನಡುವೆ ಕುಳಿತು, ಬಾಯ್ಲರಿನವನು ನೋಡುತ್ತಿದ್ದಾನೆ ಎಂಬ ನಾಚಿಕೆಯನ್ನೂ ಬಿಟ್ಟು, ಚಿಕ್ಕ ಹುಡುಗನ ಹಾಗೆ ಅತ್ತೆ. ಅವಳು ಫೋನು ಇಡಲಿಲ್ಲ.

“ನಾಳಿ ನಮ್ಮ ಮನಿಗಿ ಊಟಕ್ಕ ಬರ್ರಿ,” ಎಂದಳು ಆಮೇಲೆ. “ಅಪ್ಪ ಕರೀ ಅಂದಾನ. ನಾನೂ ಬರ್ರಿ ಅಂತೀನಿ.”

ಮರುದಿನ ಹೋದೆ. ಮೂರು ಸಲ ಬಡಿಸಿಕೊಂಡು ಉಂಡೆ.